‘ನಿನ್ನ ರಾಜ್ಯವು ಬರಲಿ’ ಅಂತೀವಲ್ಲ, ಬರುವುದು ಏನು?

ಪಾಠದ ಅಕ್ಕ

ಎಲ್ಲರಿಗೂ ವಂದನೆಗಳು. ಸಂಡೇ ಸ್ಕೂಲಿನಲ್ಲಿ ಹತ್ತು-ಹನ್ನೆರಡು ವರ್ಷದ ಮಕ್ಕಳಿಗೆ ಪಾಠ ಮಾಡ್ತೀನಿ. ಕಳೆದ ವಾರ, ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆ ಹೇಳಿಕೊಡುವಾಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಪರಲೋಕರಾಜ್ಯಕ್ಕೆ ಸತ್ತ ಮೇಲೆ ನಾವು ಹೋಗೋದು ಅಂದ್ರಿ. ಮತ್ತೆ ಪ್ರಾರ್ಥನೆಯಲ್ಲಿ ಅದು ಬರಲಿ ಅಂತ ಯಾಕೆ ಕೇಳ್ತೀವಿ?”

ಏನೋ ಒಂದು ಹೇಳಿ ಮುಂದಕ್ಕೆ ಹೋದೆ. ಆದರೆ ಹೇಳಿದ್ದು ಉತ್ತರವಲ್ಲ ಅಂತ ನನಗೇ ಗೊತ್ತಿತ್ತು. ಮನೆಗೆ ಬಂದು ಪೆನ್ಸಿಲ್ ಹಿಡಿದು ಮತ್ತಾಯನ ಸುವಾರ್ತೆಯನ್ನು ಮೊದಲಿಂದ ಕೊನೆಯವರೆಗೆ ಓದಿದೆ, ‘ಪರಲೋಕರಾಜ್ಯ’ ಬಂದಲ್ಲೆಲ್ಲ ಗೆರೆ ಎಳೆದೆ. ಸ್ನಾನಿಕ ಯೋಹಾನ ಸಾರಿದ್ದೂ ಅದನ್ನೇ, ಯೇಸು ಸಾರಿದ್ದೂ ಅದನ್ನೇ, ಹನ್ನೆರಡು ಮಂದಿ ಶಿಷ್ಯರನ್ನು ಕಳಿಸಿದಾಗ ಸಾರಲು ಹೇಳಿದ್ದೂ ಅದನ್ನೇ: ‘ಸಮೀಪಿಸಿತು’. ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಉತ್ತರವಾಗಿ ಈ ಮಾತು ಬಂದದ್ದನ್ನು ನಾನು ಕಾಣಲಿಲ್ಲ. ಹೊಲ, ಬಲೆ, ಹಿಟ್ಟು, ಕೂಲಿ, ಸಾಲ, ಮದುವೆ ಊಟ, ಇವೇ ಕಂಡವು.

ಇಷ್ಟು ವರ್ಷ ಮಕ್ಕಳಿಗೆ ತಪ್ಪು ಹೇಳಿಕೊಟ್ಟೆನಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ಮುಂದಿನ ಭಾನುವಾರ ಆ ಹುಡುಗಿಯ ಎದುರು ನಿಲ್ಲಬೇಕು.

ಗ್ರೀಕ್ ಓದುತ್ತಿರುವವನು

ಅಕ್ಕಾ, ನೀವು ಹಿಡಿದ ಎಳೆ ಸರಿಯಾಗಿದೆ. ಎರಡು ಪದಗಳನ್ನೂ ಬೇರೆ ಬೇರೆ ನೋಡೋಣ.

ಮೊದಲು ‘ಪರಲೋಕ’. ಇಡೀ ಹೊಸ ಒಡಂಬಡಿಕೆಯಲ್ಲಿ ‘ಪರಲೋಕರಾಜ್ಯ’ ಎಂಬ ಜೋಡಿಯನ್ನು ಬಳಸುವುದು ಮತ್ತಾಯ ಒಬ್ಬನೇ, 32 ಸಲ. ಅದೇ ಪ್ರಸಂಗ, ಅದೇ ಮಾತು ಮಾರ್ಕನ, ಲೂಕನ ಸುವಾರ್ತೆಗಳಲ್ಲಿ ಬಂದಾಗ ‘ದೇವರ ರಾಜ್ಯ’ ಎಂದಿರುತ್ತದೆ. ಮತ್ತಾಯ 4:17 ಮತ್ತು ಮಾರ್ಕ 1:15 ಪಕ್ಕಪಕ್ಕ ಇಟ್ಟು ನೋಡಿ. ಇನ್ನೂ ಬೇಕಿದ್ದರೆ ಮತ್ತಾಯ 19:23-24. ಐಶ್ವರ್ಯವಂತನ ಬಗ್ಗೆ ಹೇಳುವಾಗ ಒಂದು ವಚನದಲ್ಲಿ ಪರಲೋಕರಾಜ್ಯ, ಮರುವಚನದಲ್ಲೇ ದೇವರ ರಾಜ್ಯ. ಎರಡಕ್ಕೂ ಅರ್ಥ ಒಂದೇ.

ಯೆಹೂದ್ಯರು ದೇವರ ಹೆಸರನ್ನು ಸುಮ್ಮನೆ ಬಾಯಿಗೆ ತರುತ್ತಿರಲಿಲ್ಲ, ಅದರ ಬದಲು ‘ಆಕಾಶ’ ಎನ್ನುತ್ತಿದ್ದರು, ಮತ್ತಾಯ ಅದನ್ನೇ ಅನುಸರಿಸಿದ ಎಂಬುದು ಹಳೆಯ ವಿವರಣೆ. ಅದರಲ್ಲಿ ಸತ್ಯವಿದೆ. ಆದರೆ ಅಷ್ಟೇ ಆಗಿದ್ದರೆ ಮತ್ತಾಯನೇ ನಾಲ್ಕೈದು ಕಡೆ ‘ದೇವರ ರಾಜ್ಯ’ ಎಂದು ಯಾಕೆ ಬರೆಯುತ್ತಿದ್ದ? ನನಗೆ ಕಾಣುವುದು ಇದು: ಮತ್ತಾಯನಿಗೆ ಪರಲೋಕ-ಭೂಲೋಕ ಎಂಬ ಜೋಡಿ ಬಹಳ ಮುಖ್ಯ. ಮೇಲೆ ದೇವರ ಚಿತ್ತ ತಡೆಯಿಲ್ಲದೆ ನಡೆಯುತ್ತದೆ, ಕೆಳಗೆ ನಡೆಯುತ್ತಿಲ್ಲ. ಕರ್ತನ ಪ್ರಾರ್ಥನೆಯ ಮುಂದಿನ ಸಾಲು ಅದನ್ನೇ ಕೇಳುತ್ತದೆ. ‘ನಿನ್ನ ರಾಜ್ಯವು ಬರಲಿ’ ಎಂದದ್ದರ ಅರ್ಥವನ್ನು ಆ ಸಾಲೇ ಬಿಡಿಸಿ ಹೇಳಿದೆ, ‘ಪರಲೋಕದಲ್ಲಿ ನೆರವೇರುವ ಪ್ರಕಾರ ಭೂಲೋಕದಲ್ಲಿಯೂ’. ಹೀಗೆ ಓದಿದರೆ ‘ಪರಲೋಕ’ ಎಂಬುದು ಆ ಆಳ್ವಿಕೆ ಎಲ್ಲಿಂದ ಬರುತ್ತದೆ, ಯಾರದ್ದು ಎಂಬುದನ್ನು ಹೇಳುತ್ತದೆ. ಸತ್ತ ಮೇಲಿನ ವಿಳಾಸ ಅದಲ್ಲ.

ಇನ್ನು ‘ರಾಜ್ಯ’. ಇವತ್ತು ಆ ಪದ ಕೇಳಿದರೆ ನಮ್ಮ ಕಣ್ಣಿಗೆ ನಕ್ಷೆ, ಗಡಿ ಬರುತ್ತದೆ. ಗ್ರೀಕಿನ ‘ಬಸಿಲೇಯ’, ಅದರ ಹಿಂದಿರುವ ಹೀಬ್ರೂವಿನ ‘ಮಲ್ಕೂತ್’ ಮೊದಲು ಸೂಚಿಸುವುದು ರಾಜತ್ವವನ್ನು, ಆಳುವ ಅಧಿಕಾರವನ್ನು. ನೆಲ ಆಮೇಲೆ. ಲೂಕ 19:12 ಓದಿ. ಒಬ್ಬ ಶ್ರೀಮಂತ ‘ಬಸಿಲೇಯ’ ಪಡೆದುಕೊಂಡು ಬರಲು ದೂರದೇಶಕ್ಕೆ ಹೋಗುತ್ತಾನೆ. ನೆಲವನ್ನು ಗಂಟುಕಟ್ಟಿ ತರಲಾಗುತ್ತದೆಯೇ? ಅವನು ತರುವುದು ಪಟ್ಟವನ್ನು. ಕೇಳುತ್ತಿದ್ದವರಿಗೆ ಅದು ಹೊಸ ಕತೆಯೂ ಆಗಿರಲಿಲ್ಲ. ಯೆಹೂದ್ಯರನ್ನು ಆಳಿದ ಹೆರೋದ ಕ್ರಿ.ಪೂ. 40ರಲ್ಲಿ ರೋಮಿಗೆ ಹೋಗಿ ಹಾಗೆಯೇ ಅರಸನ ಪಟ್ಟ ಪಡೆದಿದ್ದ. ಅವನು ಸತ್ತ ಮೇಲೆ ಕ್ರಿ.ಪೂ. 4ರಲ್ಲಿ ಮಗ ಅರ್ಖೆಲಾಯ ಅದೇ ದಾರಿ ಹಿಡಿದ. ‘ಇವನು ನಮಗೆ ಬೇಡ’ ಎಂದು ಯೆಹೂದ್ಯರ ನಿಯೋಗವೊಂದು ಅವನ ಹಿಂದೆಯೇ ರೋಮಿಗೆ ಹೋಯಿತು. ಲೂಕ ಬರೆದ ಈ ಸಾಮ್ಯದಲ್ಲೂ (ಯೇಸು ಹೇಳಿದ ದೃಷ್ಟಾಂತದ ಕತೆ) ಅಂಥದೇ ನಿಯೋಗವಿದೆ.

ಹಳೆಯ ಕನ್ನಡದ ‘ರಾಜ್ಯಭಾರ’ ಎಂಬ ಪದ ಈ ಅರ್ಥಕ್ಕೆ ಹತ್ತಿರ. ‘ದೇವರ ಆಳ್ವಿಕೆ’ ಎಂದು ಓದಿಕೊಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಹೊರಗಿನ ಓದುಗ

ನಾನು ಕ್ರೈಸ್ತನಲ್ಲ, ಸುವಾರ್ತೆಗಳನ್ನು ಆಸಕ್ತಿಯಿಂದ ಓದುವವನು. ಕನ್ನಡದಲ್ಲಿ ‘ಪರಲೋಕ ಸೇರಿದರು’, ‘ಸ್ವರ್ಗಸ್ಥರಾದರು’ ಎಂದರೆ ಸತ್ತರು ಎಂದೇ ಅರ್ಥ. ಆ ಪದವನ್ನು ಇಟ್ಟಕೂಡಲೇ ಕನ್ನಡದ ಕಿವಿ ಸಾವಿನ ಕಡೆಗೇ ವಾಲುತ್ತದೆ, ಆ ಹುಡುಗಿಯದು ತಪ್ಪಲ್ಲ. ಇನ್ನೊಂದು: ನಾವು ಕೇಳಿ ಬೆಳೆದ ಸ್ವರ್ಗ ಪುಣ್ಯದಿಂದ ಗಳಿಸುವಂಥದ್ದು, ಪುಣ್ಯ ತೀರಿದರೆ ಮರಳಿ ಬರುವಂಥದ್ದು. ನಿಮ್ಮದು ಗಳಿಸುವಂಥದ್ದೇ?

ಜಪಮಾಲೆ

ನಮ್ಮ ಕಥೋಲಿಕ ಬೈಬಲಿನಲ್ಲಿ ‘ಸ್ವರ್ಗಸಾಮ್ರಾಜ್ಯ’ ಎಂದೇ ಇದೆ. ಹಾಗಾಗಿ ಈ ಗೊಂದಲ ನಮಗೂ ಇದೆ.

ಗಳಿಸುವುದೇ ಎಂದು ಕೇಳಿದಿರಿ ಸರ್. ದ್ರಾಕ್ಷಿತೋಟದ ಕೂಲಿಯವರ ಸಾಮತಿ (ಸಾಮ್ಯಕ್ಕೆ ನಾವು ಹೇಳುವ ಹೆಸರು) ಇದಕ್ಕೇ ಹೇಳಿದ್ದೇನೋ ಅನಿಸುತ್ತದೆ (ಮತ್ತಾಯ 20). ಬೆಳಿಗ್ಗೆ ಬಂದವರಿಗೂ ಒಂದು ದಿನಾರಿ, ಸಂಜೆ ಐದಕ್ಕೆ ಬಂದು ಒಂದೇ ತಾಸು ದುಡಿದವರಿಗೂ ಒಂದು ದಿನಾರಿ. ಅದು ಒಂದು ಮನೆ ಒಂದು ದಿನ ಉಣ್ಣುವಷ್ಟು ಕೂಲಿ. ಬೆಳಿಗ್ಗೆಯವರು ಗೊಣಗುತ್ತಾರೆ. ನನಗೂ ಚಿಕ್ಕಂದಿನಲ್ಲಿ ಅವರ ಗೊಣಗಾಟವೇ ನ್ಯಾಯ ಅನಿಸುತ್ತಿತ್ತು. ಈಗ ಓದಿದರೆ ಬೇರೆಯದೇ ಸಾಲು ಕಣ್ಣಿಗೆ ಬೀಳುತ್ತದೆ. ಯಜಮಾನ ‘ದಿನವೆಲ್ಲಾ ಸುಮ್ಮನೆ ನಿಂತಿದ್ದೀರೇಕೆ?’ ಎಂದಾಗ ಸಂಜೆಯವರು ಹೇಳುವುದು, ‘ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ’. ಯಾರಿಗೂ ಬೇಡವಾದವನಿಗೂ ಮನೆಯಲ್ಲಿ ಹಸಿದ ಮಕ್ಕಳಿರುತ್ತಾರಲ್ಲ. ಆ ತೋಟದಲ್ಲಿ ಲೆಕ್ಕ ಶುರುವಾಗುವುದು ಅಲ್ಲಿಂದ.

ಮತ್ತಾಯ 18ರ ಸಾಲಗಾರನನ್ನೂ ನೋಡಿ. ಅವನು ಅರಸನಿಗೆ ಕೊಡಬೇಕಾದದ್ದು 10,000 ತಲಾಂತು. ಒಂದು ತಲಾಂತಿಗೆ 6,000 ದಿನಾರಿ, ಅಂದರೆ ಒಟ್ಟು 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ. ‘ಸ್ವಲ್ಪ ತಾಳು, ಎಲ್ಲಾ ತೀರಿಸುತ್ತೇನೆ’ ಅನ್ನುತ್ತಾನೆ ಪಾಪ. ಅರಸನು ಪೂರ್ತಿ ಮನ್ನಾ ಮಾಡುತ್ತಾನೆ. ಅಲ್ಲಿಂದ ಹೊರಗೆ ಬಂದವನು 100 ದಿನಾರಿ ಕೊಡಬೇಕಿದ್ದ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಗಳಿಸಲಂತೂ ಆಗುವುದಿಲ್ಲ, ಆದರೆ ಸಿಕ್ಕ ಕ್ಷಮೆ ಕೈದಾಟಿ ಮುಂದಕ್ಕೆ ಹೋಗದಿದ್ದರೆ ಅವನು ಆ ಆಳ್ವಿಕೆಯ ಒಳಗೆ ಕಾಲಿಟ್ಟೇ ಇಲ್ಲ ಎಂದಂತೆ. ಇದು ನನ್ನನ್ನು ಇವತ್ತಿಗೂ ಹೆದರಿಸುತ್ತದೆ.

ಕಾದಿರುವವನು

ಕರ್ತನಲ್ಲಿ ವಂದನೆಗಳು. ಮೇಲಿನ ಮಾತುಗಳನ್ನು ಗೌರವದಿಂದಲೇ ಓದಿದೆ, ಆದರೆ ನನಗೆ ಕಳವಳವಾಗುತ್ತಿದೆ. ರಾಜ್ಯವೆಂದರೆ ಬರೀ ಆಳ್ವಿಕೆ, ಅದು ಈಗಲೇ ಇದೆ ಎನ್ನುತ್ತಾ ಹೋದರೆ ಕರ್ತನ ಬರೋಣ, ಅಂದರೆ ಯೇಸು ಮತ್ತೆ ಬರುವುದು, ಎಲ್ಲಿ ಹೋಯಿತು? ದಾನಿಯೇಲ 7ರಲ್ಲಿ ಮನುಷ್ಯಕುಮಾರನಂತಿರುವವನು ಮೇಘಗಳೊಂದಿಗೆ ಬಂದು ಎಂದಿಗೂ ಅಳಿಯದ ರಾಜ್ಯವನ್ನು ಪಡೆಯುತ್ತಾನೆ. ಮತ್ತಾಯ 25ರಲ್ಲಿ ಆತನು ಸಿಂಹಾಸನದ ಮೇಲೆ ಕೂತು ಕುರಿ-ಆಡುಗಳನ್ನು ಬೇರ್ಪಡಿಸುತ್ತಾನೆ. ಪ್ರಕಟನೆ 20ರಲ್ಲಿ ಸಾವಿರ ವರ್ಷಗಳ ಆಳಿಕೆ ಇದೆ. ಸುತ್ತಲೂ ನೋಡಿ, ದೇವರ ಚಿತ್ತ ನಡೆಯುತ್ತಿದೆಯೇ? ರಾಜ್ಯ ಬಂದಾಗಿದೆ ಎಂದು ಹಸಿದವನಿಗೆ, ಹೊಡೆಸಿಕೊಂಡವನಿಗೆ ಯಾವ ಬಾಯಲ್ಲಿ ಹೇಳುವುದು? ‘ದೇವರ ರಾಜ್ಯ ನಿಮ್ಮೊಳಗೇ ಇದೆ’ ಎಂಬ ಒಂದೇ ವಚನ ಹಿಡಿದು ಎಲ್ಲವನ್ನೂ ಮನಸ್ಸಿನ ಶಾಂತಿಗೆ ಇಳಿಸಿಬಿಡುವವರನ್ನು ತುಂಬ ನೋಡಿದ್ದೇನೆ.

ಗ್ರೀಕ್ ಓದುತ್ತಿರುವವನು

ಬ್ರದರ್, ಕೊನೆಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಲೂಕ 17:21 ಅದು. ಅಲ್ಲಿರುವ ‘ಎಂಟೋಸ್’ ಎಂಬ ಪದಕ್ಕೆ ‘ಒಳಗೆ’ ಎಂದೂ ಹೇಳಬಹುದು. ಮತ್ತಾಯ 23:26ರಲ್ಲಿ ಬಟ್ಟಲಿನ ಒಳಭಾಗಕ್ಕೆ ಅದೇ ಪದವಿದೆ. ಆದರೆ ಲೂಕನಲ್ಲಿ ಯೇಸು ಮಾತಾಡುತ್ತಿರುವುದು ಯಾರ ಜೊತೆ? ಆತನನ್ನು ಒಪ್ಪದ, ಫರಿಸಾಯರೆಂಬ ಯೆಹೂದ್ಯ ಪಂಗಡದವರ ಜೊತೆ. ‘ನಿಮ್ಮ ಹೃದಯದೊಳಗಿದೆ’ ಎಂದು ಅವರಿಗೆ ಹೇಳಿದ ಎಂದುಕೊಳ್ಳುವುದು ಕಷ್ಟ. ‘ನಿಮ್ಮ ನಡುವೆಯೇ ಇದೆ, ಎದುರಿಗೇ ನಿಂತಿದೆ, ಕಾಣುತ್ತಿಲ್ಲವೇ’ ಎಂಬ ಅರ್ಥವೇ ಕೂಡುತ್ತದೆ. ಇಲ್ಲಿ ಕನ್ನಡ ನಮಗೆ ಒಂದು ಉಪಕಾರ ಮಾಡಿದೆ. ‘ನಿಮ್ಮಲ್ಲಿ’ ಎನ್ನುವುದು ಎರಡೂ ಕಡೆ ತಿರುಗುತ್ತದೆ. ‘ನಿಮ್ಮಲ್ಲಿ ನಂಬಿಕೆ ಇದೆ’ ಎಂದರೆ ಒಳಗೆ, ‘ನಿಮ್ಮಲ್ಲಿ ಯಾರು ಬರುತ್ತೀರಿ’ ಎಂದರೆ ನಡುವೆ. ಗ್ರೀಕಿನ ಆ ಎರಡು ಸಾಧ್ಯತೆಯನ್ನೂ ಅದು ಹಾಗೇ ಉಳಿಸಿಕೊಳ್ಳುತ್ತದೆ. ‘ನಿಮ್ಮೊಳಗೆ’ ಎಂದು ತಿದ್ದಿದಾಗಲೇ ತೊಂದರೆ.

ಈಗ ಬಂದಿದೆಯೋ, ಇನ್ನು ಬರಬೇಕೋ? ಗುಡ್ಡದ ಪ್ರಸಂಗದ ಮೊದಲ ಮಾತುಗಳನ್ನೇ ನೋಡೋಣ. ‘ಆತ್ಮದಲ್ಲಿ ಬಡವರಾಗಿರುವವರು ಧನ್ಯರು, ಪರಲೋಕರಾಜ್ಯವು ಅವರದು.’ ವರ್ತಮಾನ. ಹತ್ತನೆಯ ವಚನದಲ್ಲಿ ನೀತಿಗಾಗಿ ಹಿಂಸೆಪಟ್ಟವರ ಬಗ್ಗೆಯೂ ಅದೇ, ‘ಪರಲೋಕರಾಜ್ಯವು ಅವರದು’. ನಡುವಿನ ಆರು ಮಾತುಗಳು ಭವಿಷ್ಯತ್ತಿನಲ್ಲಿವೆ. ದುಃಖಪಡುವವರಿಗೆ ಸಮಾಧಾನವಾಗುವುದು, ಶಾಂತರು ಭೂಮಿಗೆ ಬಾಧ್ಯರಾಗುವರು (ಹಕ್ಕುದಾರರಾಗುವರು), ಹಸಿದವರಿಗೆ ತೃಪ್ತಿಯಾಗುವುದು. ಎರಡು ವರ್ತಮಾನಗಳ ನಡುವೆ ಆರು ಭವಿಷ್ಯತ್ತು. ಮತ್ತಾಯ ಹೀಗೆ ಕಟ್ಟಿದ್ದು ಆಕಸ್ಮಿಕ ಎಂದು ನನಗೆ ಅನಿಸುವುದಿಲ್ಲ. ಆಳ್ವಿಕೆ ಅವರ ಪಾಲಿಗೆ ಈಗಲೇ ಇದೆ, ಆದರೆ ಕಣ್ಣೀರು ಇನ್ನೂ ಒರೆಸಿಲ್ಲ. ಬಾಧ್ಯತೆ ‘ಭೂಮಿಗೆ’ ಎಂಬುದನ್ನೂ ಗಮನಿಸಿ.

ವಿದ್ವಾಂಸರೂ ಇದನ್ನು ಎಳೆದಾಡಿದ್ದಾರೆ. ಯೇಸು ಎದುರುನೋಡಿದ್ದು ಪೂರ್ತಿ ಮುಂದೆ ಬರುವ ದೇವರ ಕಾರ್ಯವನ್ನು ಎಂದು 1892ರಲ್ಲಿ ಯೋಹಾನೆಸ್ ವೈಸ್ ವಾದಿಸಿದರು. ಇಲ್ಲ, ಯೇಸುವಿನಲ್ಲೇ ಅದು ಬಂದಾಯಿತು ಎಂದು 1935ರಲ್ಲಿ ಸಿ. ಎಚ್. ಡಾಡ್. ‘ಈಗಾಗಲೇ ಬಂದಿದೆ, ಇನ್ನೂ ಪೂರ್ಣವಾಗಿಲ್ಲ’ ಎಂಬಲ್ಲಿಗೆ ಇವತ್ತು ಬಹುತೇಕರು ಬಂದು ನಿಂತಿದ್ದಾರೆ. ದೆವ್ವ ಬಿಡಿಸಿದಾಗ ‘ದೇವರ ರಾಜ್ಯ ನಿಮ್ಮ ಹತ್ತಿರಕ್ಕೆ ಬಂದಾಯಿತು’ ಎಂದವನೇ (ಮತ್ತಾಯ 12:28) ‘ಬರಲಿ’ ಎಂದು ಪ್ರಾರ್ಥಿಸಲೂ ಕಲಿಸಿದ. ಎರಡರಲ್ಲಿ ಒಂದನ್ನು ಬಿಡಲು ನಮಗೆ ಹಕ್ಕಿಲ್ಲ.

ಬಾಗಿಲಲ್ಲಿ ನಿಂತವಳು

ಭೂಮಿಗೆ ಬಾಧ್ಯರಾಗುವರು ಎಂದಿರಲ್ಲ, ಅಲ್ಲೇ ನನ್ನ ಮನಸ್ಸು ನಿಂತಿತು. ರೋಮಿನವರು ನೆಲದ ಮೇಲೆ, ಬೆಳೆಯ ಮೇಲೆ ತೆರಿಗೆ ಹಾಕುತ್ತಿದ್ದ ಕಾಲ. ಕ್ರಿ.ಶ. 6ರ ಜನಗಣತಿಗೆ ಎದುರಾಗಿ ಗಲಿಲಾಯದ ಯೂದ ಎಂಬವನು ‘ನಮಗೆ ದೇವರೊಬ್ಬನೇ ಒಡೆಯ’ ಎಂದು ದಂಗೆ ಎಬ್ಬಿಸಿದ್ದ. ಅಂಥ ಊರುಗಳಲ್ಲಿ ‘ದೇವರ ಆಳ್ವಿಕೆ ಸಮೀಪಿಸಿತು’ ಎಂದರೆ ಜನ ಮೊದಲು ತಿರುಗಿ ನೋಡುವುದು ಸೈನಿಕರು ಎಲ್ಲಿದ್ದಾರೆ ಎಂದು. ವಿಚಾರಣೆಯಲ್ಲಿ ರೋಮಿನ ಅಧಿಪತಿ ಪಿಲಾತನ ಮುಂದೆ ಯೇಸು ‘ನನ್ನ ರಾಜ್ಯ ಈ ಲೋಕದ್ದಲ್ಲ’ ಎಂದದ್ದನ್ನು ಹಿಡಿದು, ನೋಡಿ, ನ್ಯಾಯ-ಅನ್ಯಾಯಕ್ಕೂ ದೇವರ ರಾಜ್ಯಕ್ಕೂ ಸಂಬಂಧವಿಲ್ಲ ಎನ್ನುವವರಿದ್ದಾರೆ. ಮೂಲದಲ್ಲಿರುವುದು ‘ಈ ಲೋಕದಿಂದ ಹುಟ್ಟಿದ್ದಲ್ಲ’ ಎಂದು. ಆ ರಾಜ್ಯಕ್ಕೆ ಬಲ ಸಿಗುವುದು ಕತ್ತಿಯಿಂದಲ್ಲ, ಹಾಗಾಗಿಯೇ ತನ್ನ ಕಡೆಯವರು ಹೊಡೆದಾಡುತ್ತಿಲ್ಲ ಎಂದು ಮುಂದಿನ ಮಾತಿನಲ್ಲೇ ಬಿಡಿಸಿ ಹೇಳುತ್ತಾನೆ.

ಕತ್ತಿಯಿಂದ ತರಲು ಹೋದದ್ದೂ ಉಂಟು. ಜರ್ಮನಿಯ ಮ್ಯೂನ್‌ಸ್ಟರ್ ಪಟ್ಟಣದಲ್ಲಿ 1534-35ರಲ್ಲಿ ಕೆಲವರು ಇದೇ ದೇವರ ರಾಜ್ಯವೆಂದು ಸಾರಿ ಒಬ್ಬನಿಗೆ ಅರಸನ ಪಟ್ಟ ಕಟ್ಟಿದರು. ಕೊನೆಗೆ ಉಳಿದದ್ದು ಹಸಿವು, ರಕ್ತ.

ಹಿಟ್ಟಿನ ಸಾಮ್ಯ ನನಗೆ ಹತ್ತಿರವಾದದ್ದು. ಒಬ್ಬ ಹೆಂಗಸು ಹುಳಿಯನ್ನು ಮೂರು ಸೇರು ಹಿಟ್ಟಿನಲ್ಲಿ ಕಲಸಿದಳು ಎಂದು ಓದಿ ದಾಟಿಬಿಡುತ್ತೇವೆ. ಮೂಲದ ಅಳತೆ ‘ಮೂರು ಸಾತಾ’, ಸುಮಾರು 40 ಲೀಟರಿನಷ್ಟು ಹಿಟ್ಟು. ನೂರು ಜನ ಕೂತು ತಿನ್ನುವಷ್ಟು ರೊಟ್ಟಿ! ಅಬ್ರಹಾಮನ ಗುಡಾರಕ್ಕೆ ಅತಿಥಿಗಳು ಬಂದಾಗ ಸಾರಳು ನಾದಿದ್ದೂ ಅದೇ ಅಳತೆ (ಆದಿಕಾಂಡ 18:6). ಮೂಲದ ಕ್ರಿಯಾಪದ ‘ಬಚ್ಚಿಟ್ಟಳು’ ಎಂದು. ಕಾಣದ ಹಾಗೆ ಒಳಗೆ ಸೇರಿಹೋದ ಒಂದು ಮುಷ್ಟಿ ಹುಳಿ ಅಷ್ಟೂ ಹಿಟ್ಟನ್ನು ಉಬ್ಬಿಸುತ್ತದೆ. ಹಿಟ್ಟು ಹಿಟ್ಟಾಗಿಯೇ ಕೂತಿರಲು ಬಿಡದ ಶಕ್ತಿ ಅದು. ಬ್ರದರ್, ಹಸಿದವನಿಗೆ ಯಾವ ಬಾಯಲ್ಲಿ ಹೇಳುವುದು ಎಂದಿರಿ. ನೀವೇ ಹೇಳಿದ ಮತ್ತಾಯ 25ರಲ್ಲಿ ಅರಸನು ಕೇಳುವುದು ‘ಹಸಿದಿದ್ದೆನು, ಊಟ ಕೊಟ್ಟಿರಾ’ ಎಂದಲ್ಲವೇ?

ಕಾದಿರುವವನು

ಹೌದು ಸಿಸ್ಟರ್. ಆ ಪ್ರಶ್ನೆಯನ್ನು ತೀರ್ಪಿನ ದಿನಕ್ಕೆಂದು ಮಾತ್ರ ಓದುತ್ತಿದ್ದೆ. ಕೇಳುವುದು ಆ ದಿನ, ಕೊಡಬೇಕಾದದ್ದು ಇವತ್ತು. ಇದನ್ನು ಒಪ್ಪುತ್ತೇನೆ. ಆದರೂ ಬರೋಣದ ನಿರೀಕ್ಷೆಯನ್ನು ನಾನು ಸಡಿಲ ಮಾಡಲಾರೆ. ನಾವು ಊಟ ಕೊಟ್ಟರೂ ಸಾವು ಗೆಲ್ಲುತ್ತಲೇ ಇದೆ. 1 ಕೊರಿಂಥ 15ರಲ್ಲಿ ಪೌಲ ಹೇಳುವಂತೆ ಕಡೆಯ ಶತ್ರು ಅದು.

ಜಪಮಾಲೆ

ಒಂದು ಸಣ್ಣ ಸೇರ್ಪಡೆ. ಧರ್ಮಸಭೆಯೇ (ಚರ್ಚೇ) ದೇವರ ರಾಜ್ಯ ಎಂದು ನಮ್ಮಲ್ಲಿ ಕೆಲವರು ತಿಳಿದಿರುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಎಚ್ಚರದಿಂದ ಹೇಳಿದ್ದು, ಧರ್ಮಸಭೆ ಭೂಮಿಯಲ್ಲಿ ಆ ರಾಜ್ಯದ ಬೀಜ ಮತ್ತು ಆರಂಭ ಎಂದು. ಬೀಜವನ್ನು ಫಸಲು ಎಂದುಕೊಳ್ಳಬಾರದು. ಹಣಜಿ ಎಂಬ ಕಳೆಯೂ ಗೋದಿಯೂ ಸುಗ್ಗಿಯ ತನಕ ಒಟ್ಟಿಗೇ ಬೆಳೆಯುವ ಹೊಲ ಅದು, ನಮ್ಮ ದೋಷಗಳನ್ನು ನೋಡಿದರೆ ಗೊತ್ತಾಗುತ್ತದೆ.

ಅಮ್ಮನ ಮಗ

ನಾನು ಇಲ್ಲಿ ಬರೆಯುವವನಲ್ಲ, ಓದುವವನು. ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು. ಅವಳ ಶವಪೆಟ್ಟಿಗೆಯ ಮುಂದೆ ‘ಪರಲೋಕರಾಜ್ಯ ಸೇರಿದ್ದಾಳೆ’ ಎಂದರು. ಆ ಒಂದು ಮಾತನ್ನು ಹಿಡಿದು ಇಷ್ಟು ದಿನ ಬದುಕಿದ್ದೇನೆ. ಈಗ ನೀವೆಲ್ಲ ಅದು ಸತ್ತ ಮೇಲಿನ ಜಾಗ ಅಲ್ಲ ಅನ್ನುತ್ತೀರಿ. ಹಾಗಾದರೆ ಅಮ್ಮ ಎಲ್ಲಿದ್ದಾಳೆ? ವಾದಕ್ಕಾಗಿ ಕೇಳುತ್ತಿಲ್ಲ.

ಗ್ರೀಕ್ ಓದುತ್ತಿರುವವನು

ತಮ್ಮಾ, ಕ್ಷಮಿಸು. ಪದಗಳ ಬೆನ್ನು ಹತ್ತಿದಾಗ ಓದುವವರ ಮನೆಯಲ್ಲಿ ಏನಾಗಿದೆ ಎಂದು ಯೋಚಿಸಲಿಲ್ಲ.

ಕಾದಿರುವವನು

ಇದಕ್ಕೆ ನಾನು ಉತ್ತರಿಸಲೇ? ನನಗೂ ಒಬ್ಬರು ಹೋಗಿದ್ದಾರೆ.

ಯೇಸುವಿನ ಪಕ್ಕದಲ್ಲಿ ಶಿಲುಬೆಯ ಮೇಲಿದ್ದ ಕಳ್ಳ ಆತನನ್ನು ಕೇಳಿದ್ದು ಮುಂದಿನದನ್ನು: ನೀನು ನಿನ್ನ ರಾಜ್ಯವನ್ನು ಪಡೆದು ಬರುವಾಗ ನನ್ನನ್ನು ನೆನಪಿಸಿಕೋ. ಯೇಸು ಕೊಟ್ಟದ್ದು ಅದಕ್ಕಿಂತ ಹತ್ತಿರದ್ದು: ಇವತ್ತೇ, ನನ್ನ ಸಂಗಡ, ಪರದೈಸಿನಲ್ಲಿ. ಪೌಲ ಸೆರೆಯಲ್ಲಿದ್ದು ಫಿಲಿಪ್ಪಿಯವರಿಗೆ ಬರೆಯುವಾಗ, ಇಲ್ಲಿಂದ ಹೊರಟು ಕ್ರಿಸ್ತನ ಜೊತೆಯಲ್ಲಿರುವುದೇ ಉತ್ತಮ ಅನ್ನುತ್ತಾನೆ. ನಿಮ್ಮ ಅಮ್ಮ ಅರಸನ ಹತ್ತಿರ ಇದ್ದಾರೆ. ಹಾಗೆ ಹೇಳಿದವರು ಸುಳ್ಳು ಹೇಳಲಿಲ್ಲ.

ಇಲ್ಲಿ ನಾವು ಹೇಳುತ್ತಿರುವುದು ಅವರಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಅವರಿಗೆ ಇನ್ನೂ ಹೆಚ್ಚಿನದು ಬರಲಿಕ್ಕಿದೆ ಎಂದಷ್ಟೇ. ಪ್ರಕಟನೆ 6ರಲ್ಲಿ ಯಜ್ಞವೇದಿಯ ಕೆಳಗಿರುವ, ಸಾಕ್ಷಿಗಾಗಿ ಕೊಲ್ಲಲ್ಪಟ್ಟವರ ಆತ್ಮಗಳು ‘ಇನ್ನೆಷ್ಟರ ತನಕ?’ ಎಂದು ಕೂಗುತ್ತವೆ. ಅವರಿಗೆ ಬಿಳೀ ನಿಲುವಂಗಿ ಕೊಟ್ಟು, ಇನ್ನು ಸ್ವಲ್ಪ ಕಾಲ ವಿಶ್ರಮಿಸಿರಿ ಎಂದು ಹೇಳಲಾಗುತ್ತದೆ. ತೀರಿಹೋದವರೂ ಕಾಯುತ್ತಿದ್ದಾರೆ, ತಮ್ಮಾ. ಸಾವೇ ಇಲ್ಲದಾಗುವ ದಿನವನ್ನು, ದೇಹಗಳು ಏಳುವ ದಿನವನ್ನು. ‘ನಿನ್ನ ರಾಜ್ಯವು ಬರಲಿ’ ಎಂದು ನೀವು ಇಲ್ಲಿ ಕೇಳುವುದನ್ನೇ ಅವರು ಅಲ್ಲಿ ಕೇಳುತ್ತಿದ್ದಾರೆ.

ಅಮ್ಮನ ಮಗ

ಕೊನೆಯ ವಾರ ಅಮ್ಮನಿಗೆ ನನ್ನ ಹೆಸರೂ ನೆನಪಿರಲಿಲ್ಲ. ಆದರೆ ಕರ್ತನ ಪ್ರಾರ್ಥನೆ ಶುರು ಮಾಡಿದರೆ ಜೊತೆಗೆ ಹೇಳುತ್ತಿದ್ದಳು. ಇವತ್ತು ರಾತ್ರಿ ಹೇಳುತ್ತೇನೆ. ಎಂಟು ತಿಂಗಳಿಂದ ಹೇಳಿರಲಿಲ್ಲ.

ಹೊರಗಿನ ಓದುಗ

ಇದನ್ನು ಓದಲು ಸಿಕ್ಕಿದ್ದು ನನ್ನ ಭಾಗ್ಯ. ಅಮ್ಮನ ಮಗನಿಗೆ ನನ್ನ ನಮಸ್ಕಾರ.

ಪಾಠದ ಅಕ್ಕ

ಭಾನುವಾರ ಕಳೆಯಿತು, ವರದಿ ಒಪ್ಪಿಸುತ್ತಿದ್ದೇನೆ. ಮಕ್ಕಳ ಮುಂದೆ ಮೊದಲು ಒಪ್ಪಿಕೊಂಡೆ, ಹಿಂದಿನ ವಾರ ನಾನು ಸರಿಯಾಗಿ ಹೇಳಿರಲಿಲ್ಲ ಎಂದು. ದೇವರ ಮನಸ್ಸಿನಂತೆ ಎಲ್ಲವೂ ನಡೆಯುವುದೇ ಆ ರಾಜ್ಯ, ಅದು ಯೇಸುವಿನ ಜೊತೆ ಬಂದು ಶುರುವಾಗಿದೆ, ಪೂರ್ತಿ ಬರಲಿ ಎಂದು ಕೇಳುತ್ತೇವೆ, ತೀರಿಕೊಂಡವರು ಆತನ ಹತ್ತಿರ ಇದ್ದುಕೊಂಡು ಅದನ್ನೇ ಕೇಳುತ್ತಾರೆ ಅಂದೆ. ಹುಳಿ ಹಾಕಿದ ಹಿಟ್ಟನ್ನು ಮನೆಯಿಂದ ಒಯ್ದಿದ್ದೆ. ಪಾಠ ಮುಗಿಯುವ ಹೊತ್ತಿಗೆ ಅದು ಪಾತ್ರೆಯ ಅಂಚಿಗೆ ಬಂದಿತ್ತು, ಮಕ್ಕಳು ಬೆರಳಿಂದ ಒತ್ತಿ ಒತ್ತಿ ನೋಡಿದರು.

ಆ ಹುಡುಗಿ ಎಲ್ಲ ಕೇಳಿ ಇನ್ನೊಂದು ಪ್ರಶ್ನೆ ಇಟ್ಟಳು: “ಅದು ಬೆಳೀತಾ ಇದ್ರೆ ನಮಗೆ ಗೊತ್ತಾಗುತ್ತಾ ಅಕ್ಕಾ?” ಈ ಸಲ ಓಡಿಹೋಗಲಿಲ್ಲ. ಮಾರ್ಕ 4:26 ತೆಗೆದು ಓದಿಸಿದೆ. ಬೀಜ ಹಾಕಿದವನು ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ, ಅದು ಹೇಗೆ ಬೆಳೆಯಿತೋ ಅವನಿಗೆ ತಿಳಿಯದು, ಭೂಮಿ ತಾನಾಗಿಯೇ ಫಲ ಕೊಡುತ್ತದೆ. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆ ತುಂಬ ಕಾಳು. ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನೊಬ್ಬನೇ ಇದನ್ನು ಬರೆದಿದ್ದಾನೆ ಎಂದು ಅಡಿಟಿಪ್ಪಣಿ ನೋಡಿದಾಗಲೇ ನನಗೆ ತಿಳಿದದ್ದು. ಗ್ರೀಕ್ ಓದುವ ಸರ್, ಆ ‘ತಾನಾಗಿಯೇ’ ಎನ್ನುವಲ್ಲಿ ಮೂಲದಲ್ಲಿ ಏನಿದೆ?

ಗ್ರೀಕ್ ಓದುತ್ತಿರುವವನು

‘ಔತೊಮಾತೆ’ ಅಕ್ಕಾ. ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಎರಡೇ ಕಡೆ. ಒಂದು ಈ ಹೊಲದಲ್ಲಿ. ಇನ್ನೊಂದು ಅಪೊಸ್ತಲರ ಕೃತ್ಯಗಳು 12:10ರಲ್ಲಿ, ನಡುರಾತ್ರಿ ಪೇತ್ರನು ದೇವದೂತನ ಹಿಂದೆ ಸೆರೆಮನೆಯಿಂದ ಹೊರಗೆ ಬರುವಾಗ. ಪಟ್ಟಣದ ಕಡೆಗಿದ್ದ ಕಬ್ಬಿಣದ ಬಾಗಿಲು ಅವರಿಗೆ ತಾನಾಗಿಯೇ ತೆರೆಯಿತು ಎಂದಿದೆ.